ಪಾಪ್‌ಕಾರ್ನ್ ಚಾವಣಿ: ಕೆರೆಯುವುದೇ, ಮುಚ್ಚುವುದೇ, ಹಾಗೇ ಬಿಡುವುದೇ?

ಶಾಲೆ ಚೆನ್ನಾಗಿರಬೇಕು, ಕಚೇರಿಗೆ ಹತ್ತಿರವಿರಬೇಕು, ಬೆಲೆ ಕೈಗೆಟುಕಬೇಕು. ಈ ಮೂರನ್ನೂ ಹಿಡಿದು ಹುಡುಕುವ ಅಮೆರಿಕದ ಕನ್ನಡ ಕುಟುಂಬಗಳಿಗೆ ಕಡೆಗೆ ಸಿಗುವುದು ಬಹಳ ಸಲ 1960ರ ಅಥವಾ 70ರ ದಶಕದ ಮನೆ. ಅದರೊಂದಿಗೆ, ಪಾಪ್‌ಕಾರ್ನ್ ಅಂಟಿಸಿದ ಹಾಗೆ ತರಿತರಿಯಾಗಿ ಕಾಣುವ ಪಾಪ್‌ಕಾರ್ನ್ ಚಾವಣಿಯೂ ಬರುತ್ತದೆ. ಕ್ಯಾಲಿಫೋರ್ನಿಯಾದಲ್ಲಿ ಇದನ್ನು ಕಾಟೇಜ್ ಚೀಸ್ ಎನ್ನುವವರುಂಟು, ಕೆನಡಾದಲ್ಲಿ ಸ್ಟಿಪಲ್ ಎನ್ನುತ್ತಾರೆ. ಗೃಹಪ್ರವೇಶಕ್ಕೆ ಬಂದವರು ಊಟ ಮುಗಿಸಿ ತಲೆಯೆತ್ತಿ ನೋಡಿ ತಲೆಗೊಂದು ಸಲಹೆ ಕೊಟ್ಟು ಹೋಗುತ್ತಾರೆ. ‘ಒಂದು ಶನಿವಾರ ಸಾಕು, ನೀರು ಹೊಡೆದು ಕೆರೆದರಾಯಿತು’ ಎಂದು ಒಬ್ಬರು. ‘ಮುಟ್ಟಲೇಬೇಡಿ, ಕ್ಯಾನ್ಸರ್ ಬರುತ್ತದೆ’ ಎಂದು ಇನ್ನೊಬ್ಬರು. ಇಬ್ಬರ ಮಾತಿನಲ್ಲೂ ಅರ್ಧ ಸತ್ಯವಿದೆ. ಯಾವ ಅರ್ಧ ನಿಮ್ಮ ಮನೆಗೆ ಹೊಂದುತ್ತದೆ ಎಂಬುದನ್ನು ತಿಳಿಯಲು, ಆ ತರಿಯಲ್ಲಿ ಆಸ್ಬೆಸ್ಟಾಸ್, ಅಂದರೆ ಕಲ್ನಾರು, ಇದೆಯೇ ಎಂದು ಹೇಳುವ ಪ್ರಯೋಗಾಲಯದ ಒಂದು ಕಾಗದ ಬೇಕು.

ಆ ಕಾಗದದಷ್ಟೇ ಮುಖ್ಯವಾದದ್ದು ಇನ್ನೊಂದಿದೆ: ಈ ತರಿಯನ್ನು ಅಲ್ಲಿ ಯಾಕೆ ಹಾಕಿದರು ಎಂಬುದು. ಊರಿನಲ್ಲಿ ನಾವು ಜಿಪ್ಸಮ್ ಬೋರ್ಡ್ ಎನ್ನುವ ಹಲಗೆಗೆ ಇಲ್ಲಿ ಡ್ರೈವಾಲ್ ಎನ್ನುತ್ತಾರೆ. ಹಲಗೆಗಳ ಸಂದಿಗೆ ಕಾಗದದ ಪಟ್ಟಿ ಅಂಟಿಸಿ, ಎರಡು ಮೂರು ಸುತ್ತು ಪುಟ್ಟಿ ಎಳೆದು, ಪ್ರತಿ ಸುತ್ತೂ ಒಣಗಿದ ಮೇಲೆ ಉಜ್ಜಿ ನಯ ಮಾಡಿದರೆ ಮಾತ್ರ ಚಾವಣಿ ಸಮತಟ್ಟಾಗಿ ಕಾಣುತ್ತದೆ. ಸಾಲುಮನೆ ಕಟ್ಟುವ ಬಿಲ್ಡರುಗಳಿಗೆ ಅಷ್ಟು ಪುರುಸೊತ್ತು ಇರಲಿಲ್ಲ. ಸಂದಿಗೆ ಪಟ್ಟಿ ಹಾಕಿ, ಮೇಲೆ ತರಿಯ ಮಿಶ್ರಣವನ್ನು ಪೈಪಿನಲ್ಲಿ ಸಿಂಪಡಿಸಿ ಮುಂದಿನ ಮನೆಗೆ ಹೋದರು. ಪ್ರತಿಧ್ವನಿ ಕಡಿಮೆಯಾಗುತ್ತದೆ ಎಂಬುದು ಮಾರಾಟದ ಮಾತಾಯಿತು. ಅದು ಸುಳ್ಳಲ್ಲ, ಆದರೆ ಅಸಲು ಲಾಭ ಕೂಲಿಯ ಉಳಿತಾಯದಲ್ಲಿತ್ತು. ಹಾಗಾಗಿ ತರಿಯನ್ನು ಕೆರೆದ ದಿನ ನಿಮ್ಮೆದುರಿಗೆ ಬರುವುದು ಐವತ್ತು ವರ್ಷಗಳ ಹಿಂದೆ ಯಾರೋ ಅರ್ಧಕ್ಕೆ ಬಿಟ್ಟ ಕೆಲಸ. ಖರ್ಚು, ಶ್ರಮ, ಬೇಸರ ಎಲ್ಲವೂ ಇರುವುದು ಆ ಉಳಿದರ್ಧವನ್ನು ಮುಗಿಸುವುದರಲ್ಲಿ. ಶನಿವಾರದ ಲೆಕ್ಕ ತಪ್ಪುವುದು ಇಲ್ಲೇ.

ಯಾವುದರ ಮೇಲೆ ತೂಗಬೇಕು

ದಾರಿಗಳನ್ನು ಹೋಲಿಸುವ ಮೊದಲು ನಿಮ್ಮ ಮನೆಯ ಬಗ್ಗೆ ಕೆಲವು ಉತ್ತರಗಳು ಕೈಯಲ್ಲಿರಲಿ. ತರಿಯಲ್ಲಿ ಆಸ್ಬೆಸ್ಟಾಸ್ ಇದೆಯೇ? ಅದರ ಮೇಲೆ ಯಾರಾದರೂ ಬಣ್ಣ ಬಳಿದಿದ್ದಾರೆಯೇ? ಅದರ ಹಿಂದೆ ಡ್ರೈವಾಲ್ ಇದೆಯೇ, ಹಳೆಯ ಗಾರೆಯೇ, ಅಪಾರ್ಟ್‌ಮೆಂಟಾದರೆ ಕಾಂಕ್ರೀಟೇ? ಚಾವಣಿ ಎಷ್ಟು ಎತ್ತರ? ಮನೆ ಖಾಲಿ ಇದೆಯೇ, ಆಗಲೇ ಸಾಮಾನು ತುಂಬಿ ಮಕ್ಕಳು ಓಡಾಡುತ್ತಿದ್ದಾರೆಯೇ? ಅಲ್ಲಿ ಇನ್ನೆಷ್ಟು ವರ್ಷ ಇರುತ್ತೀರಿ?

ಬಣ್ಣದ ಪ್ರಶ್ನೆಯನ್ನು ಜನ ಹಗುರವಾಗಿ ತೆಗೆದುಕೊಳ್ಳುತ್ತಾರೆ. ಬಣ್ಣ ಕಾಣದ ತರಿ ನೀರು ಹೀರಿ ಮೆತ್ತಗಾಗುತ್ತದೆ. ಬಣ್ಣ ಬಳಿದದ್ದು ನೀರನ್ನು ಒಳಗೆ ಬಿಡುವುದಿಲ್ಲ, ಕೆರೆದರೆ ಗಟ್ಟಿ ಚಕ್ಕೆಯಾಗಿ ಎದ್ದು ಡ್ರೈವಾಲಿನ ಕಾಗದವನ್ನೂ ಕಿತ್ತುಕೊಂಡು ಬರುತ್ತದೆ. ಮಾರುವ ಮುನ್ನ ಮನೆ ಬೆಳ್ಳಗೆ ಕಾಣಲಿ ಎಂದು ಹಿಂದಿನ ಮಾಲೀಕರು ಒಂದು ಕೈ ಬಣ್ಣ ಹೊಡೆಸಿರುವುದು ಸಾಮಾನ್ಯ. ಅಲಮಾರಿಯ ಒಳಗಿನ ಮೂಲೆಯಲ್ಲಿ ಸ್ಪ್ರೇ ಬಾಟಲಿಯಿಂದ ಎರಡು ಸಲ ನೀರು ಸಿಂಪಡಿಸಿ ನೋಡಿ. ನೀರು ಇಂಗಿ ಆ ಜಾಗ ಕಂದಿದರೆ ಬಣ್ಣವಿಲ್ಲ, ಹನಿ ಹನಿಯಾಗಿ ನಿಂತರೆ ಇದೆ. ಬೆರಳು ಮಾತ್ರ ಹಚ್ಚಬೇಡಿ, ಮೊದಲು ಪರೀಕ್ಷೆಯಾಗಲಿ.

ಪರೀಕ್ಷೆ

ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆ, ಇಪಿಎ, ಸಿಂಪಡಿಸುವ ಆಸ್ಬೆಸ್ಟಾಸ್ ಸಾಮಗ್ರಿಗಳನ್ನು ಬೆಂಕಿತಡೆ ಮತ್ತು ಉಷ್ಣನಿರೋಧದ ಕೆಲಸಕ್ಕೆ 1973ರಲ್ಲಿ ನಿಷೇಧಿಸಿತು, ಅಲಂಕಾರದ ಕೆಲಸಕ್ಕೆ 1978ರಲ್ಲಿ. ಆದರೆ ಗೋದಾಮಿನಲ್ಲಿ ಉಳಿದಿದ್ದ ಸರಕು ಆಮೇಲೂ ಬಳಕೆಯಾಯಿತು. ‘ನಮ್ಮದು 1981ರ ಮನೆ, ತೊಂದರೆಯಿಲ್ಲ’ ಎನ್ನುವಂತಿಲ್ಲ. 80ರ ದಶಕದ ನಡುವಿನವರೆಗೆ ಕಟ್ಟಿದ ಯಾವ ಮನೆಯನ್ನಾದರೂ ನಾನು ಪರೀಕ್ಷೆಯಿಲ್ಲದೆ ಕೆರೆಯಲು ಹೇಳುವುದಿಲ್ಲ.

ನಮ್ಮಲ್ಲಿ ಅನೇಕರು ಊರಿನಲ್ಲಿ ಕಲ್ನಾರಿನ ಶೀಟಿನ ಕೆಳಗೇ ಬೆಳೆದವರು, ‘ಅದರಡಿ ಇದ್ದೂ ಏನೂ ಆಗಲಿಲ್ಲವಲ್ಲ’ ಎನ್ನುವುದುಂಟು. ಶೀಟಿನಲ್ಲಿ ನಾರು ಸಿಮೆಂಟಿನೊಳಗೆ ಹುದುಗಿರುತ್ತದೆ. ಒಡೆದಾಗ, ಕೊರೆದಾಗ ಅದೂ ಅಪಾಯವೇ. ಪಾಪ್‌ಕಾರ್ನ್ ಚಾವಣಿಯ ಮಿಶ್ರಣವಾದರೋ ಕೈಯಲ್ಲಿ ಹಿಚುಕಿದರೆ ಪುಡಿಯಾಗುತ್ತದೆ, ಒಣಗಿದ್ದಾಗ ಕೆರೆದರೆ ನಾರು ನೇರವಾಗಿ ಗಾಳಿಗೆ ಸೇರುತ್ತದೆ. ಅದು ಶ್ವಾಸಕೋಶಕ್ಕೆ ಹೋದರೆ ಬರುವ ಆಸ್ಬೆಸ್ಟೋಸಿಸ್ (ಶ್ವಾಸಕೋಶ ಗಡುಸಾಗುವ ರೋಗ), ಶ್ವಾಸಕೋಶದ ಕ್ಯಾನ್ಸರ್, ಮೆಸೊಥೆಲಿಯೋಮ (ಶ್ವಾಸಕೋಶದ ಹೊದಿಕೆಯ ಕ್ಯಾನ್ಸರ್) ಇವು ದಶಕಗಳ ನಂತರ ತಲೆಯೆತ್ತುವ ಕಾಯಿಲೆಗಳು. ಕೆರೆದವರಿಗೆ ಮರುದಿನ ಕೆಮ್ಮು ಬರಲಿಲ್ಲ ಎಂಬುದರಿಂದ ಏನೂ ಸಾಬೀತಾಗುವುದಿಲ್ಲ. ಇದರ ಇನ್ನೊಂದು ಮುಖವನ್ನೂ ಹೇಳಬೇಕು: ಗಟ್ಟಿಯಾಗಿದ್ದು, ಯಾರೂ ಕೆದಕದೆ ಇರುವ ಚಾವಣಿ ಸುಮ್ಮನೆ ನಾರು ಉದುರಿಸುತ್ತಾ ಕೂರುವುದಿಲ್ಲ. ಸುಸ್ಥಿತಿಯಲ್ಲಿದ್ದರೆ ಬಿಟ್ಟುಬಿಡಿ ಎಂದೇ ಇಪಿಎ ಕೂಡ ಹೇಳುತ್ತದೆ.

ತರಬೇತಿ ಪಡೆದವರಿಂದ ಮಾದರಿ ತೆಗೆಸುವುದು ಒಳ್ಳೆಯದು. ಸ್ವತಃ ತೆಗೆಯುವವರು ಫ್ಯಾನು, ಎ.ಸಿ. ನಿಲ್ಲಿಸಿ, ಸೋಪಿನ ಒಂದೆರಡು ಹನಿ ಸೇರಿಸಿದ ನೀರಿನಿಂದ ಜಾಗವನ್ನು ಚೆನ್ನಾಗಿ ನೆನೆಸಿ, ಒಂದು ಚಮಚದಷ್ಟನ್ನು ಜಿಪ್ ಚೀಲಕ್ಕೆ ಕೆರೆದುಕೊಂಡು, ಆ ಚೀಲವನ್ನು ಇನ್ನೊಂದು ಚೀಲದಲ್ಲಿ ಹಾಕಿ, ಕೆಳಗೆ ಬಿದ್ದದ್ದನ್ನು ಒದ್ದೆ ಬಟ್ಟೆಯಿಂದ ಒರೆಸಿ ಅದನ್ನೂ ಚೀಲಕ್ಕೆ ಸೇರಿಸಬೇಕು. ಮುಖಕ್ಕೆ, ಅತಿ ಸೂಕ್ಷ್ಮ ಧೂಳನ್ನೂ ತಡೆಯುವ ಪಿ100 ಫಿಲ್ಟರಿನ ರೆಸ್ಪಿರೇಟರ್ ಇರಲಿ, ಕೋವಿಡ್ ಕಾಲದ ಎನ್95 ಮುಖಗವಸು ಸಾಲದು. ಒಂದೇ ಕೋಣೆಯ ಮಾದರಿ ನಂಬಬೇಡಿ. ಮಿಶ್ರಣವನ್ನು ಆಗ ಸ್ಥಳದಲ್ಲೇ ಕಲಸುತ್ತಿದ್ದರು, ಒಂದೊಂದು ಕೋಣೆಯಲ್ಲಿ ಒಂದೊಂದು ಹದ ಇರಬಹುದು. ಶಾಲೆಗಳಿಗಾಗಿ ಮಾಡಿದ ನಿಯಮದಲ್ಲಿ 1,000 ಚದರ ಅಡಿಯವರೆಗೆ ಕನಿಷ್ಠ ಮೂರು, 5,000ದವರೆಗೆ ಐದು ಮಾದರಿ ಎಂದಿದೆ. ಮನೆಗೂ ಅದೇ ಲೆಕ್ಕ ಹಿಡಿದರೆ ನೆಮ್ಮದಿ. ಪ್ರಯೋಗಾಲಯಕ್ಕೆ ಎನ್‌ವಿಲ್ಯಾಪ್ (NVLAP) ಎಂಬ ಫೆಡರಲ್ ಸರ್ಕಾರದ ಮಾನ್ಯತೆ ಇದೆಯೇ ನೋಡಿ. ಒಂದು ಮಾದರಿಗೆ ಹೆಚ್ಚಾಗಿ ನೂರು ಡಾಲರಿನೊಳಗೇ ಮುಗಿಯುತ್ತದೆ. ಇಡೀ ಕೆಲಸದಲ್ಲಿ ಇಷ್ಟು ಅಗ್ಗವಾಗಿ ಇಷ್ಟು ದೊಡ್ಡ ನಿರ್ಧಾರ ಮಾಡಿಕೊಡುವ ಖರ್ಚು ಇನ್ನೊಂದಿಲ್ಲ.

ಫೆಡರಲ್ ನಿಯಮದ ಪ್ರಕಾರ ಶೇಕಡಾ 1ಕ್ಕಿಂತ ಹೆಚ್ಚು ಆಸ್ಬೆಸ್ಟಾಸ್ ಇದ್ದರೆ ಅದು ಆಸ್ಬೆಸ್ಟಾಸ್ ಸಾಮಗ್ರಿ. ಕ್ಯಾಲಿಫೋರ್ನಿಯಾದಂಥ ರಾಜ್ಯದಲ್ಲಿ ಅದಕ್ಕಿಂತ ಕಡಿಮೆ ಇದ್ದರೂ ಕೆಲಸಗಾರರ ರಕ್ಷಣೆಯ ನಿಯಮ ಅನ್ವಯಿಸಬಹುದು. ವರದಿಯಲ್ಲಿ ಆಸ್ಬೆಸ್ಟಾಸ್ ಇದೆ ಎಂದು ಬಂದರೆ ಮುಂದೆ ಮನೆ ಮಾರುವಾಗ ಅದನ್ನು ತಿಳಿಸಬೇಕಾಗುತ್ತದೆ ಎಂಬ ಕಾರಣಕ್ಕೆ ಪರೀಕ್ಷೆಯನ್ನೇ ಮಾಡಿಸದವರಿದ್ದಾರೆ. ಚಾವಣಿಯನ್ನು ಎಂದೂ ಮುಟ್ಟದವರಿಗಾದರೆ ಆ ತರ್ಕ ಇರಲಿ. ಕೆರೆಯಬೇಕೆಂದು ಏಣಿ ತಂದಿಟ್ಟವರಿಗೆ ಅದು ಸಲ್ಲದ ಜಾಣತನ.

ಹಾಗೇ ಬಿಡುವುದು

ಆಸ್ಬೆಸ್ಟಾಸ್ ಇದೆ, ಉದುರುತ್ತಿಲ್ಲ, ನೀರಿನ ಕಲೆಯಿಲ್ಲ, ಕೈಯಲ್ಲಿ ಹಣವೂ ಅಷ್ಟಿಲ್ಲ. ಹೀಗಿದ್ದರೆ ಬಿಡುವುದು ಸೋಮಾರಿತನವಲ್ಲ, ಅದೂ ಒಂದು ಸರಿಯಾದ ಆಯ್ಕೆ. ಅದರ ನಿಯಮಗಳು ಮಾತ್ರ ಕಟ್ಟುನಿಟ್ಟು. ಹಬ್ಬಕ್ಕೆ ತೋರಣ ಕಟ್ಟಲು ಚಾವಣಿಗೆ ಮೊಳೆ ಹೊಡೆಯುವಂತಿಲ್ಲ, ಮಕ್ಕಳ ಎರಡಂತಸ್ತಿನ ಮಂಚ ಅಲ್ಲಿಡುವಂತಿಲ್ಲ, ಜೇಡರಬಲೆ ಕಂಡರೆ ಪೊರಕೆ ಎತ್ತುವಂತಿಲ್ಲ. ಫ್ಯಾನು, ದೀಪ ಬದಲಿಸಲು ಬರುವ ಎಲೆಕ್ಟ್ರಿಷಿಯನ್‌ಗೆ ಮೊದಲೇ ಹೇಳಬೇಕು. ಒಗ್ಗರಣೆಯ ಎಣ್ಣೆಹೊಗೆ ಮತ್ತು ದೇವರ ಮುಂದಿನ ಊದುಬತ್ತಿಯ ಮಸಿ ತರಿಯ ಸಂದುಗಳಲ್ಲಿ ಕೂತರೆ ತೊಳೆಯಲು ಬರುವುದಿಲ್ಲ. ವರ್ಷಗಳು ಕಳೆದಂತೆ ಪೂಜೆಯ ಮೂಲೆಯ ಮೇಲೆ ಹಳದಿಗಟ್ಟಿದ ವೃತ್ತವೊಂದು ಮೂಡುತ್ತದೆ, ಅದರೊಂದಿಗೆ ಬಾಳಬೇಕು.

ಹೊಳಪಿಗೆ ಬಣ್ಣ ಹೊಡೆಸಬಹುದು, ಅದರಿಂದ ತರಿ ಬಿಗಿಯಾಗುತ್ತದೆ ಕೂಡ. ರೋಲರ್ ಬೇಡ. ಒದ್ದೆಯಾದ ತರಿ ರೋಲರಿಗೆ ಅಂಟಿ ಹಾಳೆ ಹಾಳೆಯಾಗಿ ಎದ್ದು ಬರುತ್ತದೆ. ಸ್ಪ್ರೇ ಮಾಡಿಸಿ. ಆದರೆ ಬಣ್ಣ ಹೊಡೆದ ದಿನವೇ ಮುಂದೆ ಸುಲಭವಾಗಿ ಕೆರೆಯುವ ಬಾಗಿಲು ಮುಚ್ಚಿತು ಎಂದು ತಿಳಿದಿರಿ. ಎರಡು ವರ್ಷದಲ್ಲಿ ತೆಗೆಸುವ ಯೋಚನೆ ಇದ್ದವರು ಅಲ್ಲಿಯವರೆಗೆ ಹಾಗೇ ಇಟ್ಟುಕೊಳ್ಳುವುದೇ ಮೇಲು.

ಕೆರೆಯುವುದು

ಆಸ್ಬೆಸ್ಟಾಸ್ ಇಲ್ಲ, ಬಣ್ಣವೂ ಇಲ್ಲ ಎಂದಾದರೆ ಕೆರೆಯುವುದೇ ಮೊದಲ ಆಯ್ಕೆ. ಕೈಯಲ್ಲಿ ಕಾಸು ಕಡಿಮೆ, ಸಮಯ ಹೆಚ್ಚು ಇದ್ದವರಿಗೆ ಇದಕ್ಕಿಂತ ಅಗ್ಗದ ದಾರಿಯಿಲ್ಲ. ಕೋಣೆ ಖಾಲಿ ಮಾಡಿ, ವಿದ್ಯುತ್ತನ್ನು ಬ್ರೇಕರಿನಲ್ಲೇ ಆರಿಸಿ, ಫ್ಯಾನು ದೀಪ ಇಳಿಸಿ, ಗಾಳಿಯ ಕಿಂಡಿಗಳನ್ನೂ ಗೋಡೆ, ನೆಲಗಳನ್ನೂ ಪ್ಲಾಸ್ಟಿಕ್ಕಿನಿಂದ ಮುಚ್ಚಬೇಕು. ಗಿಡಕ್ಕೆ ಔಷಧಿ ಹೊಡೆಯುವ ಪಂಪಿನಲ್ಲಿ ಬೆಚ್ಚಗಿನ ನೀರು ತುಂಬಿ ಒಂದು ಸಲಕ್ಕೆ ನಾಲ್ಕಡಿ ಚೌಕದಷ್ಟು ನೆನೆಸಿ, ಹತ್ತು ಹದಿನೈದು ನಿಮಿಷ ಬಿಟ್ಟು ಅಗಲವಾದ ಪುಟ್ಟಿ ಬ್ಲೇಡನ್ನು ಬಹುತೇಕ ಮಟ್ಟಸವಾಗಿ ಹಿಡಿದು ತಳ್ಳಿದರೆ, ನೀರು ಹೆಚ್ಚಾದ ಉಪ್ಪಿಟ್ಟಿನ ಹಾಗೆ ಮುದ್ದೆ ಮುದ್ದೆಯಾಗಿ ಕಳಚಿ ಬೀಳುತ್ತದೆ. ಬ್ಲೇಡಿನ ಎರಡು ಚೂಪು ಮೂಲೆಗಳನ್ನು ಮೊದಲೇ ಅರದಿಂದ ಉಜ್ಜಿ ದುಂಡಗೆ ಮಾಡಿಕೊಳ್ಳಿ. ಮೊಂಡಾಗದ ಮೂಲೆ ಪ್ರತಿ ಸಲ ತಳ್ಳಿದಾಗಲೂ ಡ್ರೈವಾಲಿನ ಕಾಗದದ ಮೇಲೆ ಒಂದು ಗೀರು ಬಿಡುತ್ತದೆ, ಆಮೇಲೆ ಪ್ರತಿ ಗೀರಿಗೂ ಪುಟ್ಟಿ ತುಂಬಬೇಕು. ನೀರು ಹೆಚ್ಚಾದರೂ ಕಷ್ಟ, ಸಂದಿನ ಪಟ್ಟಿ ಉಬ್ಬಿ ಜೋತುಬೀಳುತ್ತದೆ.

ಇಷ್ಟು ಒಂದು ಕೋಣೆಗೆ ಅರ್ಧ ದಿನ. ನಂತರ ಸಂದು, ಮೊಳೆತಲೆ, ಗೀರುಗಳಿಗೆ ಪುಟ್ಟಿ, ಒಣಗಲು ಒಂದು ದಿನ, ಮತ್ತೆ ಪುಟ್ಟಿ, ಕತ್ತು ಹಿಂದಕ್ಕೆ ಬಾಗಿಸಿ ಉಜ್ಜುವುದು, ಪ್ರೈಮರ್, ಹೊಳಪಿಲ್ಲದ ಬಣ್ಣ. ಕೆಲಸದ ಜೊತೆಗೆ ಮಾಡಿಕೊಂಡರೆ ಒಂದು ಕೋಣೆಗೆ ಒಂದು ವಾರ ಹಿಡಿಯುವುದು ಆಶ್ಚರ್ಯವಲ್ಲ. ದೊಡ್ಡ ಗಾಜಿನ ಬಾಗಿಲಿರುವ ಹಾಲಿನಲ್ಲಿ ಸಂಜೆಯ ಓರೆ ಬಿಸಿಲು ಚಾವಣಿಯುದ್ದಕ್ಕೂ ಹರಿದಾಗ ಪ್ರತಿ ಸಂದೂ ಎದ್ದು ಕಾಣುತ್ತದೆ. ಹಾಗಾಗಿ ಮಲಗುವ ಕೋಣೆಗಳನ್ನು ನೀವೇ ಮಾಡಿ, ಹಾಲಿಗೆ ಮಾತ್ರ ಪುಟ್ಟಿ ಕೆಲಸದವರನ್ನು ಕರೆಯಿರಿ ಎಂಬುದು ನನ್ನ ಸಲಹೆ. ಪೂರ್ತಿ ಗುತ್ತಿಗೆ ಕೊಟ್ಟರೆ ಕೆರೆದು, ನಯ ಮಾಡಿ, ಬಣ್ಣ ಹಚ್ಚಲು ಚದರ ಅಡಿಗೆ ಸುಮಾರು 3ರಿಂದ 7 ಡಾಲರ್ ಕೇಳುವುದುಂಟು. ಸ್ಯಾನ್ ಫ್ರಾನ್ಸಿಸ್ಕೋ ಸುತ್ತಲಿನ ಬೇ ಏರಿಯಾದಂಥ ಕಡೆ ಮೇಲ್ದರವನ್ನೇ ನಿರೀಕ್ಷಿಸಿ.

ಆಸ್ಬೆಸ್ಟಾಸ್ ಇದ್ದರೆ ಇದೇ ಕೆಲಸ ಬೇರೆಯೇ ಆಗುತ್ತದೆ. ಪರವಾನಗಿ ಇರುವ ತಂಡ ಕೋಣೆಯನ್ನು ಪ್ಲಾಸ್ಟಿಕ್ಕಿನಿಂದ ಗಾಳಿಯಾಡದಂತೆ ಕಟ್ಟಿ, ಒಳಗಿನ ಗಾಳಿಯನ್ನು ಅತಿ ಸೂಕ್ಷ್ಮ ಕಣಗಳನ್ನೂ ಹಿಡಿಯುವ ಹೆಪಾ ಫಿಲ್ಟರಿನ ಯಂತ್ರದಿಂದ ಹೊರಗೆಳೆಯುತ್ತಾ, ತರಿಯನ್ನು ಒದ್ದೆಯಾಗಿಯೇ ತೆಗೆದು, ಚೀಟಿ ಅಂಟಿಸಿದ ಚೀಲಗಳಲ್ಲಿ ನಿಗದಿತ ಕಸದ ತಾಣಕ್ಕೆ ಸಾಗಿಸುತ್ತದೆ. ಬರೀ ತೆಗೆಯುವುದಕ್ಕೇ ಚದರ ಅಡಿಗೆ 5ರಿಂದ 15 ಡಾಲರ್, ಕೆಲವೆಡೆ ಇನ್ನೂ ಹೆಚ್ಚು. ಪುಟ್ಟಿ, ಬಣ್ಣ ಬೇರೆ. ನಾಲ್ಕು ಅಥವಾ ಅದಕ್ಕಿಂತ ಕಡಿಮೆ ಮನೆಗಳಿರುವ ವಸತಿ ಕಟ್ಟಡಕ್ಕೆ ಫೆಡರಲ್ ನವೀಕರಣ ನಿಯಮ ಸಾಮಾನ್ಯವಾಗಿ ಅನ್ವಯಿಸುವುದಿಲ್ಲ. ಹಲವು ರಾಜ್ಯಗಳು ಸ್ವಂತ ಮನೆಯಲ್ಲಿ ಮಾಲೀಕರೇ ತೆಗೆಯಲು ಬಿಡುತ್ತವೆ. ಕಾನೂನು ಬಿಟ್ಟಿತೆಂದು ಮಾಡಬೇಕಾಗಿಲ್ಲ. ಮನೆಯ ಸಾಧಾರಣ ವ್ಯಾಕ್ಯೂಮ್ ಕ್ಲೀನರ್ ಹಚ್ಚಿದರೆ ನಾರು ಅದರ ಹಿಂಬದಿಯಿಂದ ಮತ್ತೆ ಕೋಣೆಗೇ ಬರುತ್ತದೆ, ರತ್ನಗಂಬಳಿಗೆ ಸೇರಿದರಂತೂ ತೆಗೆಯುವುದು ಅಸಾಧ್ಯ. ತಂಡಕ್ಕೆ ಕೊಟ್ಟರೂ ಕೆಲಸ ಮುಗಿದ ಮೇಲಿನ ಗಾಳಿ ಪರೀಕ್ಷೆಯನ್ನು ಅವರಿಗೆ ಸಂಬಂಧವಿಲ್ಲದ ಬೇರೆಯವರಿಂದ ಮಾಡಿಸಿ.

ಮುಚ್ಚುವುದು

ಆಸ್ಬೆಸ್ಟಾಸ್ ಇದೆ ಅಥವಾ ಮೂರು ಕೋಟ್ ಬಣ್ಣವಿದೆ, ಆದರೂ ನುಣುಪು ಚಾವಣಿ ಬೇಕೇ ಬೇಕು ಎನ್ನುವವರಿಗೆ ಹಳೆಯದರ ಮೇಲೆ ಹೊಸ ಡ್ರೈವಾಲ್ ಹೊಡೆಯುವುದು ನನ್ನ ಮಟ್ಟಿಗೆ ಅತ್ಯಂತ ಸಮತೋಲದ ದಾರಿ. ಕಾಲು ಇಂಚು, 3/8 ಇಂಚು ಎಂದು ತಲೆಕೆಡಿಸಿಕೊಳ್ಳದೆ ಅರ್ಧ ಇಂಚಿನ ಹಗುರ ಹಲಗೆಯನ್ನೇ ಹಾಕಿಸಿ. ಕಾಲು ಇಂಚಿನದು ಅಗ್ಗವೆನಿಸಿದರೂ ಕೆಳಗಿನ ಉಬ್ಬುತಗ್ಗನ್ನೆಲ್ಲ ಅನುಸರಿಸಿ ಅಲೆಯಲೆಯಾಗಿ ಕೂರುತ್ತದೆ. ಎಂಟಡಿಯ ಚಾವಣಿಯಲ್ಲಿ ಅರ್ಧ ಇಂಚು ಹೋದದ್ದು ಯಾರಿಗೂ ತಿಳಿಯುವುದಿಲ್ಲ. ಸ್ಕ್ರೂ ಹಳೆಯ ಹಲಗೆಯನ್ನು ದಾಟಿ ಜಂತಿಗೆ ಕಚ್ಚಬೇಕು. ಜಂತಿಗಳು ಸಾಮಾನ್ಯವಾಗಿ 16 ಅಥವಾ 24 ಇಂಚಿಗೊಂದು. ದೀಪದ ಪೆಟ್ಟಿಗೆಗಳಿಗೆ ವಿಸ್ತರಣೆಯ ಬಳೆ ಹಾಕಿ ಹೊಸ ಮಟ್ಟಕ್ಕೆ ತರಬೇಕು, ಇದನ್ನು ಮರೆತ ಗುತ್ತಿಗೆದಾರರನ್ನು ಕಂಡಿದ್ದೇನೆ.

ಕೊರತೆ ಎರಡು. ಸ್ಕ್ರೂ ತೂರುವಾಗ ಆಸ್ಬೆಸ್ಟಾಸ್ ತರಿ ಅಷ್ಟಿಷ್ಟು ಕದಡುತ್ತದೆ, ಹಾಗಾಗಿ ಇದಕ್ಕೂ ರಾಜ್ಯದ ನಿಯಮ ಕೇಳಿಯೇ ಮುಂದುವರಿಯಬೇಕು. ಎರಡನೆಯದು, ಆಸ್ಬೆಸ್ಟಾಸ್ ಮನೆಯಲ್ಲೇ ಉಳಿಯುತ್ತದೆ. ಮುಂದೆ ಚಾವಣಿಗೆ ಹತ್ತು ದೀಪ ಕೊರೆಸಬೇಕೆಂದರೆ ಪ್ರತಿ ತೂತೂ ಅದರ ಮೂಲಕವೇ ಹೋಗುತ್ತದೆ. ದೀಪಗಳ ಆಸೆ ಇದ್ದವರಿಗೆ ಹಣ ಹೆಚ್ಚಾದರೂ ತೆಗೆಸುವುದೇ ಸರಿ.

ಮರದ ಪಟ್ಟಿ ಹೊಡೆಸುವುದೂ ಮುಚ್ಚುವ ಬಗೆಯೇ. ಪುಟ್ಟಿ, ಉಜ್ಜುವಿಕೆಯ ಧೂಳು ಇಲ್ಲ, ಮನೆಯಲ್ಲಿ ಇದ್ದುಕೊಂಡೇ ಕೋಣೆ ಕೋಣೆಯಾಗಿ ಮಾಡಬಹುದು, ಕೈಕೆಲಸ ಬಲ್ಲವರಿಗೆ ಖುಷಿಯ ಕೆಲಸ. ಒಂದು ಕೋಣೆಗೆ ಚೆಂದ. ಮನೆಯಿಡೀ ಮಾಡಿದರೆ ಹಡಗಿನೊಳಗೆ ಕೂತಂತಾಗುತ್ತದೆ. ಲೋಹದ ಚೌಕಟ್ಟಿನಲ್ಲಿ ಚೌಕ ಹಲಗೆ ಜೋಡಿಸುವ ಕಚೇರಿ ಮಾದರಿಯ ತೂಗುಚಾವಣಿ ನೆಲಮಾಳಿಗೆಗೆ ಮಾತ್ರ.

ತರಿಯ ಮೇಲೆಯೇ ಪುಟ್ಟಿ ಎಳೆದು ನುಣುಪು ಮಾಡುತ್ತೇವೆ ಎನ್ನುವವರೂ ಬರುತ್ತಾರೆ. ಬಣ್ಣವಿಲ್ಲದ ತರಿ ಪುಟ್ಟಿಯ ನೀರು ಕುಡಿದು ಅದರ ಭಾರಕ್ಕೇ ಕಳಚಿ ಬೀಳಬಹುದು. ಬಣ್ಣವಿರುವ ತರಿಯಾದರೆ ಮೊದಲು ಅದರ ಚಾಚಿದ ತುದಿಗಳನ್ನು ಕೆರೆಯಬೇಕು, ಅಂದರೆ ಆಸ್ಬೆಸ್ಟಾಸ್ ಇದ್ದಲ್ಲಿ ತಪ್ಪಿಸಬೇಕೆಂದಿದ್ದ ಧೂಳನ್ನೇ ಎಬ್ಬಿಸಿದಂತೆ. ನಾನು ಇದನ್ನು ಆಯ್ಕೆಯೆಂದೇ ಎಣಿಸುವುದಿಲ್ಲ.

ಹಲಗೆಸಮೇತ ಕಿತ್ತುಹಾಕುವುದು

ಸೋರಿ ಸೋರಿ ಚಾವಣಿ ಜೋತುಬಿದ್ದಿದ್ದರೆ, ಅಥವಾ ವೈರಿಂಗ್ ಇಡೀ ಬದಲಿಸುವುದಿದ್ದರೆ ಮಾತ್ರ ಈ ದಾರಿ. ಮೇಲೆ ಅಟ್ಟವಿರುವ ಮನೆಯಲ್ಲಿ ಹಲಗೆ ಕಿತ್ತರೆ ಅಟ್ಟದ ಸಡಿಲ ಇನ್ಸುಲೇಶನ್ (ಉಷ್ಣನಿರೋಧಕ) ಪೂರ್ತಿ ನಡುಮನೆಗೆ ಸುರಿಯುತ್ತದೆ. ಆ ಇನ್ಸುಲೇಶನ್ ಅಭ್ರಕದಂತೆ ಮಿನುಗುವ ಕಂದು ಹರಳುಗಳ ವರ್ಮಿಕ್ಯುಲೈಟ್ ಆಗಿದ್ದರೆ ಅದನ್ನೂ ಮುಟ್ಟಬಾರದು. ಮೊಂಟಾನಾದ ಲಿಬ್ಬಿ ಗಣಿಯಿಂದ ಬಂದು ಜೊನೊಲೈಟ್ ಹೆಸರಿನಲ್ಲಿ ಮಾರಾಟವಾದದ್ದರಲ್ಲಿ ಆಸ್ಬೆಸ್ಟಾಸ್ ಬೆರೆತಿತ್ತು. ಆ ಗಣಿ 1990ರಲ್ಲಿ ಮುಚ್ಚಿತು, ಅಟ್ಟಗಳಲ್ಲಿ ಅದು ಇಂದಿಗೂ ಇದೆ.

ಯಾರಿಗೆ ಯಾವುದು

ಮನೆ ಈಗಷ್ಟೇ ಕೈಗೆ ಬಂದಿದೆ, ಸಾಮಾನು ಇನ್ನೂ ಹಳೆಯ ಮನೆಯಲ್ಲಿದೆ ಎನ್ನುವವರಿಗೆ ಚಾವಣಿಯ ಕೆಲಸಕ್ಕೆ ಇದಕ್ಕಿಂತ ಒಳ್ಳೆಯ ಸಮಯ ಬರುವುದಿಲ್ಲ. ಎರಡು ಕಡೆ ಒಂದು ತಿಂಗಳ ಬಾಡಿಗೆ ಮತ್ತು ಕಂತು ಕಟ್ಟುವುದು ಭಾರವೆನಿಸಿದರೂ, ತುಂಬಿದ ಮನೆಯಲ್ಲಿ ಮಾಡಿಸುವ ಖರ್ಚಿಗಿಂತ ಅದು ಬಹಳ ಸಲ ಕಡಿಮೆಯೇ. ಗೃಹಪ್ರವೇಶದ ಮುಹೂರ್ತ ಹತ್ತಿರವಿದ್ದರೆ ಹೊಸ ನೆಲ, ಗೋಡೆಯ ಬಣ್ಣ ಎಲ್ಲವನ್ನೂ ಮುಂದೂಡಿ ಚಾವಣಿಯನ್ನಷ್ಟೇ ಮುಗಿಸಿ.

ಐದು ವರ್ಷದೊಳಗೆ ಮಾರುವವರು ಆಸ್ಬೆಸ್ಟಾಸ್ ತೆಗೆಸಲು ಸಾವಿರಗಟ್ಟಲೆ ಸುರಿಯುವ ಮೊದಲು ಸುತ್ತಲಿನ ಮನೆಗಳನ್ನು ನೋಡಲಿ. ಬೀದಿಯ ಅರ್ಧ ಮನೆಗಳಲ್ಲಿ ಇದೇ ಚಾವಣಿ ಇದ್ದರೆ ಕೊಳ್ಳುವವರು ಅದಕ್ಕಾಗಿ ಹೆಚ್ಚು ಕೊಡುವುದು ಅನುಮಾನ. ಹಾಲ್ ಮತ್ತು ಪ್ರವೇಶದ್ವಾರದ ಭಾಗಕ್ಕೆ ಮಾತ್ರ ಹೊಸ ಡ್ರೈವಾಲ್ ಹೊಡೆಸಿ ಉಳಿದದ್ದನ್ನು ಬಿಡುವುದು ಜಾಣತನ. ಇಪ್ಪತ್ತು ವರ್ಷ ಇಲ್ಲೇ ಎನ್ನುವವರು, ಚಿಕ್ಕ ಮಕ್ಕಳಿದ್ದು ಚಾವಣಿ ಈಗಾಗಲೇ ಉದುರುತ್ತಿರುವವರು ಕೈ ಬಿಗಿಯಿದ್ದರೂ ಪರವಾನಗಿಯ ತಂಡದಿಂದಲೇ ತೆಗೆಸಲಿ. ಒಂದೇ ಸಲಕ್ಕೆ ಆಗದಿದ್ದರೆ ಮಕ್ಕಳ ಕೋಣೆಯಿಂದ ಶುರುವಾಗಲಿ. ಆದರೆ ತಂಡ ಪ್ರತಿ ಸಲ ಬಂದಾಗಲೂ ಪ್ಲಾಸ್ಟಿಕ್ ಕಟ್ಟುವ, ಯಂತ್ರ ತರುವ ಖರ್ಚು ಹೊಸದಾಗಿ ಬೀಳುವುದರಿಂದ ಎರಡು ಕಂತಿಗಿಂತ ಹೆಚ್ಚು ಮಾಡಬೇಡಿ. ಕಾಂಡೊಮಿನಿಯಂನಲ್ಲಿ, ಅಂದರೆ ಅಪಾರ್ಟ್‌ಮೆಂಟಿನ ಸ್ವಂತ ಮನೆಯಲ್ಲಿ, ಇರುವವರು ಎಲ್ಲಕ್ಕೂ ಮೊದಲು ಮಾಲೀಕರ ಸಂಘದ ಲಿಖಿತ ಒಪ್ಪಿಗೆ ಪಡೆಯಬೇಕು. ಅಲ್ಲಿ ತರಿಯ ಹಿಂದೆ ಬರೀ ಕಾಂಕ್ರೀಟ್ ಇರಬಹುದು, ಪುಟ್ಟಿಯ ಕೆಲಸ ದುಪ್ಪಟ್ಟಾಗುತ್ತದೆ. ಮೇಲಿನ ಮನೆಯವರ ಹೆಜ್ಜೆಯ ಸದ್ದನ್ನು ತರಿಯೇನೂ ತಡೆದಿರಲಿಲ್ಲ, ಆದ್ದರಿಂದ ಅದು ಹೋದರೆ ಸದ್ದು ಹೆಚ್ಚುತ್ತದೆಂಬ ಭಯ ಬೇಡ.

ಗುತ್ತಿಗೆದಾರರಿಂದ ದರಪಟ್ಟಿ ತರಿಸುವಾಗ ಒಟ್ಟು ಮೊತ್ತ ನೋಡುವ ಮುನ್ನ ಕೆಲಸ ಎಲ್ಲಿಗೆ ನಿಲ್ಲುತ್ತದೆ ಎಂದು ಕೇಳಿ. ಡ್ರೈವಾಲಿನ ನುಣುಪಿಗೆ ಇಲ್ಲಿ ಸೊನ್ನೆಯಿಂದ ಐದರವರೆಗೆ ಮಟ್ಟಗಳಿವೆ. ನಾಲ್ಕೆಂದರೆ ಸಂದು ಮತ್ತು ಸ್ಕ್ರೂಗಳಿಗೆ ಪೂರ್ತಿ ಪುಟ್ಟಿ, ಐದೆಂದರೆ ಅದರ ಮೇಲೆ ಇಡೀ ಚಾವಣಿಗೆ ಒಂದು ತೆಳು ಪದರ. ಮಲಗುವ ಕೋಣೆಗೆ ನಾಲ್ಕು ಸಾಕು, ದೊಡ್ಡ ಕಿಟಕಿಯ ಹಾಲಿಗೆ ಐದು ಬೇಕು. ಒಬ್ಬರ ದರ ಇನ್ನೊಬ್ಬರ ಅರ್ಧದಷ್ಟಿದ್ದರೆ ಅದರಲ್ಲಿ ಬಹುಮಟ್ಟಿಗೆ ಕೆರೆಯುವುದು ಮಾತ್ರ ಸೇರಿರುತ್ತದೆ. ಮಟ್ಟ, ಪ್ರೈಮರ್, ಬಣ್ಣ, ಕಸ ಸಾಗಣೆ ಈ ನಾಲ್ಕೂ ಹೆಸರಿಟ್ಟು ಬರೆದಿರುವ ದರಪಟ್ಟಿಗಳನ್ನು ಮಾತ್ರ ಪಕ್ಕಪಕ್ಕ ಇಟ್ಟು ನೋಡಿ.